ಔರಾದಿನ ರೋಬೋ ಭಾಲ್ಕಿಯಲ್ಲಿ ನಡೆದದ್ದು

ಅಕ್ಕ ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದಿದ್ದಳು. ಮೇಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ, ಕೆಳಗಿನದರಲ್ಲಿ ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿದ ರೋಬೋ. ಹಾಗೆಂದು ನನ್ನ ನೆನಪು. ಹೋಳಿಗೆ ತಂದದ್ದು ಆ ಸಲ ಅಲ್ಲ, ದೀಪಾವಳಿಗೆ ಎಂದು ಅಕ್ಕ ಈಗ ಹೇಳುತ್ತಾಳೆ. ಹೋಳಿಗೆಯ ವಿಷಯದಲ್ಲಿ ಅವಳು ಹೇಳಿದ್ದೇ ಸರಿ ಇರಬಹುದು. ಆದರೆ ಆ ಮಧ್ಯಾಹ್ನದ್ದು ಇನ್ನೊಂದು ಸಂಗತಿ ಇದೆ, ಅದರಲ್ಲಿ ಯಾರು ಹೇಳಿದ್ದು ಸರಿ ಎಂದು ತೀರ್ಮಾನಿಸಲು ನನಗೆ ಇವತ್ತಿಗೂ ಆಗಿಲ್ಲ.

ಅಕ್ಕ ಔರಾದಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಾನು ಭಾಲ್ಕಿಯಲ್ಲಿ ಡಿಗ್ರಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಆ ವರ್ಷ ಜಿಲ್ಲೆಯ ಕೆಲವು ಶಾಲೆಗಳಿಗೆ ರೋಬೋ ಕಟ್ಟುವ ಸಾಮಾನು ಬಂದಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಹಲಗೆ, ಎರಡು ಚಕ್ರ, ಎರಡು ಮೋಟಾರು, ಒಂದು ಸರ್ಕ್ಯೂಟ್ ಬೋರ್ಡು. ಅಕ್ಕನ ಕ್ಲಾಸಿನ ಇಬ್ಬರು ಹುಡುಗಿಯರು ಚಿತ್ರ ನೋಡಿಕೊಂಡು ಅದನ್ನು ಜೋಡಿಸಿಬಿಟ್ಟಿದ್ದರು. ಒಂದೇ ಒಂದು ಸ್ಕ್ರೂ ಉಳಿದಿತ್ತಂತೆ, ಅದು ಎಲ್ಲಿಯದೆಂದು ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಜೋಡಿಸಿದರಷ್ಟೇ ಅದು ನಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯಲ್ಲಿ ಆಜ್ಞೆ ಬರೆದು, ಕೇಬಲ್ಲಿನ ಮೂಲಕ ಅದಕ್ಕೆ ಕಳಿಸಬೇಕು. ಮೋಟಾರಿಗೆ ಕರೆಂಟೂ ಅದೇ ಕೇಬಲ್ಲಿನಿಂದ.

ಅದರ ಜೊತೆ ಒಂದು ಷರತ್ತೂ ಇತ್ತು. ಬೀದರಿನಲ್ಲಿ ನಡೆಯುವ ಪ್ರದರ್ಶನದಲ್ಲಿ ರೋಬೋ ನಡೆಸಿ ತೋರಿಸಿದ ಶಾಲೆಗೆ ಸಾಮಾನು ಉಳಿಯುತ್ತದೆ. ತೋರಿಸಲಾಗದ ಶಾಲೆ ಅದನ್ನು ಅಲ್ಲೇ ಬಿಟ್ಟು ಬರಬೇಕು, ಬೇರೆ ಶಾಲೆಗೆ ಕೊಡುತ್ತಾರೆ.

"ನಮ್ಮ ಪೋರಿಗೋಳು ಅದಕ್ಕ ಕಣ್ಣು ಬರದಾವ ತಮ್ಮಾ," ಎಂದು ಅಕ್ಕ ದುಪಟ್ಟಾ ಬಿಚ್ಚಿ ತೋರಿಸಿದಳು. ಹಲಗೆಯ ಮುಂದೆ ಉಗುರುಬಣ್ಣದಿಂದ ಎರಡು ಕಣ್ಣು. "ಇನ್ನ ಅದನ್ನ ಬಿಟ್ಟು ಬಾ ಅಂದ್ರ ಬರ್ತಾವೇನು ಅವು? ನೀ ಹ್ಯಾಂಗರ ಮಾಡಿ ನಡಸು."

ಶಾಲೆಯಲ್ಲಿ ನೆಟ್ ಇರಲಿಲ್ಲ, ನನ್ನ ಮನೆಯಲ್ಲಿತ್ತು. ಅದಕ್ಕೆ ಅವಳು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹಿಡಿದು ಬಂದಿದ್ದಳು.

ನನಗೆ ಪೈಥಾನ್ ಒಂದಿಷ್ಟು ಬರುತ್ತದೆ. ಯೂನಿವರ್ಸಿಟಿಯಲ್ಲಿದ್ದಾಗ ಲೆಕ್ಕಕ್ಕಾಗಿ ಕಲಿತದ್ದು. ಆದರೆ ಬರೆಯುವುದು ಬೇರೆ, ಅದಕ್ಕೆ ಜಾಗ ಮಾಡಿಕೊಡುವುದು ಬೇರೆ. ರೋಬೋಗೆ ಬೇಕಾದ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಗಂಟು, ಹಳೆಯ ಪೈಥಾನನ್ನು ಕೇಳಿತು. ನನ್ನ ಕಂಪ್ಯೂಟರಿನಲ್ಲಿದ್ದದ್ದು ಹೊಸದು. ಹಳೆಯದನ್ನು ಇಳಿಸಿದೆ. ಆಗ ನನ್ನ ಹಳೆಯ ಲೆಕ್ಕದ ಪ್ರೋಗ್ರಾಮುಗಳು ನಿಂತುಹೋದವು. ಇಂಥ ಜಗಳ ತಪ್ಪಿಸಲು ವರ್ಚುವಲ್ ಎನ್ವಿರಾನ್ಮೆಂಟ್ ಎಂದು ಮಾಡುತ್ತಾರೆ. ಒಂದು ಫೋಲ್ಡರು, ಅದರೊಳಗೆ ಆ ಕೆಲಸಕ್ಕೆ ಬೇಕಾದ ಪೈಥಾನ್, ಬೇಕಾದ ಲೈಬ್ರರಿ ಮಾತ್ರ. ಹೊರಗಿನವರ ಗೊಡವೆ ಇಲ್ಲ. ಅಕ್ಕನಿಗೆ ಇದನ್ನು ವಿವರಿಸಿದಾಗ ಅವಳು ನಕ್ಕಳು.

"ಅಂದ್ರ ಒಂದೇ ಮನ್ಯಾಗ ಬ್ಯಾರಿ ಒಲಿ ಹೂಡಿದಂಗ."

"ಹೂಂ, ಹಂಗೇ ಅನ್ನು."

"ಮತ್ತ ಇಷ್ಟು ತಿಳೀಲಿಕ್ಕ ಎಂ.ಎಸ್ಸಿ ಯಾಕ ಬೇಕು ಅಂತೀನಿ."

ಬೇರೆ ಒಲೆ ಹೂಡುವುದು ಅಷ್ಟು ಸುಲಭವಾಗಲಿಲ್ಲ. ಪರದೆಯ ಮೇಲೆ ಕೆಂಪು ಸಾಲುಗಳು ಉದುರತೊಡಗಿದವು. ಒಂದು ತಪ್ಪನ್ನು ಹುಡುಕಿ ಸರಿ ಮಾಡಿದರೆ ಅದರ ಹಿಂದೆ ನಿಂತಿದ್ದ ಇನ್ನೊಂದು ಮುಂದೆ ಬರುತ್ತಿತ್ತು. ಕೇಬಲ್ ಚುಚ್ಚಿದರೆ ಕಂಪ್ಯೂಟರಿಗೆ ರೋಬೋ ಕಾಣಿಸುತ್ತಿರಲಿಲ್ಲ. ಎರಡನ್ನೂ ಮಾತಾಡಿಸಲು ಡ್ರೈವರ್ ಎಂಬ ಇನ್ನೊಂದು ಪ್ರೋಗ್ರಾಮು ಬೇಕಿತ್ತು, ಅದನ್ನು ಇಳಿಸಿಕೊಂಡೆ. ಎಷ್ಟು ಹೊತ್ತು ಹಿಡಿಯಿತೋ ನೆನಪಿಲ್ಲ. ಹೊರಗೆ ಬಿಸಿಲು ಅಂಗಳದ ಅರ್ಧಕ್ಕೆ ಸರಿದಿತ್ತು ಎಂಬುದು ಮಾತ್ರ ನೆನಪಿದೆ.

ಆಮೇಲೆ ಏನಾಯಿತು ಎನ್ನುವುದೇ ಪ್ರಶ್ನೆ. ನನಗೆ ನೆನಪಿರುವುದು ಹೀಗೆ. ನಾನು ರೋಬೋವನ್ನು ನೆಲದ ಮೇಲೆ, ಜಮಖಾನೆಯ ಅಂಚಿಗೆ ಇಟ್ಟೆ. ಕುರ್ಚಿಯಲ್ಲಿ ಕೂತು ಆಜ್ಞೆ ಕೊಟ್ಟೆ. ಕೆಂಪು ಸಾಲು ಬರಲಿಲ್ಲ. ಕೆಳಗೆ ಗುಂಯ್ ಎಂದಿತು. ಬಗ್ಗಿ ನೋಡಿದರೆ ರೋಬೋ ಜಮಖಾನೆಯಿಂದ ಸ್ಟೂಲಿನ ಕಾಲಿನವರೆಗೆ ಹೋಗಿತ್ತು, ಚಕ್ರ ತಿರುಗುತ್ತಿತ್ತು. "ಅಕ್ಕಾ, ನಡೀತು ಬಾ," ಎಂದು ಕೂಗಿದೆ. ಅವಳು ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರ್ ಆರಿತು, ರೋಬೋ ಸ್ಟೂಲಿನ ಹತ್ತಿರ ನಿಂತಿತ್ತು.

ಹೋಗಿತ್ತು ಎನ್ನುವುದನ್ನು ಗಮನಿಸಬೇಕು. ಹೋಗುತ್ತಿರುವುದನ್ನು ನಾನು ನೋಡಿದೆನೇ? ಕುರ್ಚಿ ಹಿಂದಕ್ಕೆ ಸರಿಸುವಾಗ ಕಾಲಿಗೆ ಕೇಬಲ್ ತೊಡರಿದ್ದೂ ನೆನಪಿದೆ. ಅದು ಆಜ್ಞೆ ಕೊಡುವ ಮೊದಲೋ, ಆಮೇಲೋ? ಕೇಬಲ್ ಎಳೆದರೂ ಚಕ್ರದ ಗಾಡಿ ಉರುಳುತ್ತದೆ, ಉರುಳಿದರೆ ಚಕ್ರ ತಿರುಗುತ್ತದೆ. ಗುಂಯ್ ಎಂದದ್ದು ಮೋಟಾರೇ ಎಂದುಕೊಂಡರೂ, ಕಂಪ್ಯೂಟರಿನ ಫ್ಯಾನಿಗೂ ಅಂಥದೇ ದನಿ ಇದೆ.

ಪ್ರಾಕ್ಟಿಕಲ್ ಕ್ಲಾಸಿನಲ್ಲಿ ನಾನು ಹುಡುಗರಿಗೆ ಮೊದಲು ಹೇಳುವ ಮಾತೇ ಇದು: ಒಂದೇ ಸಲ ಬಂದ ರೀಡಿಂಗು ರೀಡಿಂಗಲ್ಲ, ಇನ್ನೊಮ್ಮೆ ತೆಗೆದು ನೋಡಿರಿ. ಆ ದಿನ ನನಗೆ ಇನ್ನೊಮ್ಮೆ ಸಿಗಲಿಲ್ಲ. ಅಕ್ಕ ಔರಾದಿನ ಬಸ್ಸಿಗೆ ಹೊರಡುವವರೆಗೂ ಕರೆಂಟು ಬರಲಿಲ್ಲ, ಬಂದದ್ದು ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಗಾಡಿ ತೆಗೆಯುವಾಗ. ನಾನು ಗಡಿಬಿಡಿಯಲ್ಲಿ ಒಳಗೆ ಓಡಿ, ಎನ್ವಿರಾನ್ಮೆಂಟಿನ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಅವಳ ಕೈಗಿಟ್ಟೆ.

"ಸಾಲಿ ಕಂಪ್ಯೂಟರಿಗೆ ಇದನ್ನ ಇಳಸು, ಅಷ್ಟೇ. ಎಲ್ಲಾ ಇದರಾಗೇ ಅದ."

"ಹೆಪ್ಪು ಒಯ್ದಂಗಾಯ್ತು ಬಿಡು," ಎಂದು ಅವಳು ಪೆನ್‌ಡ್ರೈವನ್ನು ರೋಬೋ ಇದ್ದ ಡಬ್ಬಿಗೇ ಹಾಕಿ ಮುಚ್ಚಿದಳು.

ನಮ್ಮಲ್ಲಿ ಯಾವುದನ್ನೂ ಮೊದಲಿನಿಂದ ಮಾಡುವ ರೂಢಿಯಿಲ್ಲ. ಅಕ್ಕನ ಮನೆಯ ಮೊಸರಿಗೆ ಹೆಪ್ಪು ಭಾಲ್ಕಿಯದು, ನಮ್ಮ ಮನೆಯ ಉಪ್ಪಿನಕಾಯಿಗೆ ಖಾರ ಔರಾದಿನದು. ಒಂದು ಮನೆಯಲ್ಲಿ ಚೆನ್ನಾಗಿ ಕೂಡಿಬಂದದ್ದನ್ನು ಒಂದಿಷ್ಟು ಇನ್ನೊಂದು ಮನೆಗೆ ಒಯ್ದರೆ ಅಲ್ಲಿಯೂ ಕೂಡಿಬರುತ್ತದೆ ಎಂದು ನಂಬಿ ಬೆಳೆದವರು. ಎಲ್ಲವನ್ನೂ ಸಂಶಯಿಸುವ ನಾನು ಇದನ್ನೊಂದು ಸಂಶಯಿಸಲಿಲ್ಲ.

ಸೋಮವಾರ ಕಾಲೇಜಿನಲ್ಲಿದ್ದಾಗ ಅಕ್ಕನ ಫೋನು ಬಂತು. ಹಿಂದೆ ಹುಡುಗಿಯರ ಗದ್ದಲ.

"ತಮ್ಮಾ, ಇದು ನಿನ್ನ ಕೇಳ್ಲತ್ತದ."

"ಏನು ಕೇಳ್ಲತ್ತದ?"

"ನಿನ್ನ ಹೆಸರು ಬರದಾದ. ಇಂಥವನ ಫೋಲ್ಡರಿನಾಗ ಪೈಥಾನ್ ಇತ್ತು, ಈಗ ಸಿಗವಲ್ದು ಅಂತ."

ಆಗ ಹೊಳೆಯಿತು. ಎನ್ವಿರಾನ್ಮೆಂಟು ತಾನು ಹುಟ್ಟಿದ ಜಾಗದ ವಿಳಾಸವನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ನಿಜವಾದ ಪೈಥಾನ್ ಅದರೊಳಗೆ ಇರುವುದೇ ಇಲ್ಲ. ಇಂಥ ಕಂಪ್ಯೂಟರಿನ ಇಂಥ ಫೋಲ್ಡರಿನಲ್ಲಿದೆ, ಅಲ್ಲಿಗೆ ಹೋಗಿ ಎಂಬ ಸೂಚನೆ ಮಾತ್ರ ಇರುತ್ತದೆ. ಔರಾದಿನ ಶಾಲೆಯಲ್ಲಿ ಕೂತು ಅದು ಭಾಲ್ಕಿಯ ನನ್ನ ಮನೆಯನ್ನು ಹುಡುಕುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲೋ ಓದಿದ್ದೆ. ಶನಿವಾರ ನೆನಪಿಗೆ ಬರಲಿಲ್ಲ.

ಮರುದಿನ ರಜೆ ಹಾಕಿ ಔರಾದಿಗೆ ಹೋದೆ. ಶಾಲೆಯ ಕಂಪ್ಯೂಟರ್ ಹೆಡ್‌ಮಾಸ್ತರರ ಕೋಣೆಯ ಮೂಲೆಯಲ್ಲಿತ್ತು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಹುಡುಗಿಯರಿಬ್ಬರೂ ನನ್ನ ಎರಡೂ ಬದಿಗೆ ನಿಂತರು. ಒಬ್ಬಳು ಉದ್ದ, ಮಾತು ಕಡಿಮೆ. ಇನ್ನೊಬ್ಬಳು ಗಿಡ್ಡ, ಬಾಯಿ ಮುಚ್ಚುತ್ತಿರಲಿಲ್ಲ.

"ಸರ್, ಅದು ನಿಮ್ಮ ಮನ್ಯಾಗ ಎಷ್ಟು ದೂರ ಹೋಯ್ತ್ರಿ?"

"ಸ್ಟೂಲಿನ ತನಕ."

"ಸ್ಟೂಲ್ ಎಷ್ಟು ದೂರ ಇತ್ತ್ರಿ?"

"ಸುಮ್ಮನಿರು, ಸರ್‌ಗ ಕೆಲಸ ಮಾಡಗೊಡು," ಎಂದು ಉದ್ದನೆಯವಳು ಗದರಿದಳು.

ಅಕ್ಕನ ಫೋನಿನಿಂದ ನೆಟ್ ಹಂಚಿಕೊಂಡು ಎಲ್ಲವನ್ನೂ ಮೊದಲಿನಿಂದ ಇಳಿಸಲು ಕೂತೆ. ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ತೀರ ಹಳೆಯದು. ನನಗೆ ಬೇಕಾದ ಪೈಥಾನನ್ನು ಅದು ಒಳಗೆ ಬಿಡಲಿಲ್ಲ. ಅದು ಒಪ್ಪುವ ಪೈಥಾನ್ ಇಳಿಸಿದರೆ ರೋಬೋದ ಲೈಬ್ರರಿ ಒಪ್ಪಲಿಲ್ಲ. ಲೈಬ್ರರಿಯ ಹಳೆಯ ಪ್ರತಿ ಹುಡುಕಿ ಇಳಿಸುವಾಗ ನೆಟ್ ಕಡಿಯಿತು. ಅಕ್ಕ ಫೋನನ್ನು ಕಿಟಕಿಯ ಸರಳಿಗೆ ಕಟ್ಟಿದಳು. ಮತ್ತೆ ಕಡಿಯಿತು. ಗಿಡ್ಡ ಹುಡುಗಿ ಫೋನು ಹಿಡಿದುಕೊಂಡು ಅಂಗಳದ ಕಟ್ಟೆಯ ಮೇಲೆ ನಿಂತಳು. ಅಲ್ಲಿ ಸಿಗ್ನಲ್ ಬಂತು, ಆದರೆ ಕಂಪ್ಯೂಟರಿಗೆ ದೂರವಾಯಿತು.

ಒಂದು ಹಂತದ ನಂತರ ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ. ಕೈಗಳು ಟೈಪ್ ಮಾಡುತ್ತಿದ್ದವು. ಶನಿವಾರ ಯಾವ ಆಜ್ಞೆಯ ನಂತರ ಯಾವುದನ್ನು ಕೊಟ್ಟಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದರೆ, ಒಂದೊಂದು ಸಲ ಒಂದೊಂದು ಕ್ರಮ ಬರುತ್ತಿತ್ತು. ಎಲ್ಲವೂ ಸಮಾನವಾಗಿ ಖರೆ ಅನಿಸುತ್ತಿದ್ದವು. ಪ್ರದರ್ಶನ ಮರುದಿನವೇ.

"ಸರ್," ಉದ್ದನೆಯ ಹುಡುಗಿ ಮೊದಲ ಸಲ ನನ್ನನ್ನು ನೇರವಾಗಿ ಮಾತಾಡಿಸಿದಳು, "ಅದು ನಿಮ್ಮ ಮನಿ ಕಂಪ್ಯೂಟರಿಗೇ ಕೇಳ್ತದಂದ್ರ ಅದನ್ನೇ ಬೀದರಿಗೆ ತರ್ರಿ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಆಗಲೇ ಮನಸ್ಸಿನಲ್ಲಿ ಅದನ್ನು ಬಸ್ಸಿಗೆ ಹತ್ತಿಸಿಬಿಟ್ಟಿದ್ದಳು.

"ಕೌದ್ಯಾಗ ಸುತ್ತು," ಎಂದಳು. "ಕೂಸಿನಂಗ ತೊಡಿ ಮ್ಯಾಲ ಇಟ್ಕೊ."

ಹಾಗೆಯೇ ಮಾಡಿದೆ. ಬೆಳಿಗ್ಗೆ ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ, ಕೌದಿಯಲ್ಲಿ ಸುತ್ತಿದ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲೆ, ಮಾನಿಟರನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಕೂತ ಸಾಯಗಾಂವದ ಹಿರಿಯರೊಬ್ಬರು ಏನದು ಎಂದು ಕೇಳಿದರು. ಕಂಪ್ಯೂಟರ್ ಎಂದೆ.

"ಜಡ್ಡೇನ್ರಿ ಅದಕ್ಕ?"

"ಇಲ್ರಿ, ಛಲೋ ಅದ."

"ಮತ್ತ ಛಲೋ ಇದ್ದದ್ದನ್ನ ಯಾಕ ಒಯ್ಲತ್ತೀರಿ," ಎಂದರು ಅವರು. ರಸ್ತೆಯ ಪ್ರತಿ ಉಬ್ಬಿಗೂ ಅವರು ತಮ್ಮ ಕೈಯನ್ನು ಕೌದಿಯ ಮೇಲೆ ಇಟ್ಟು ಅದುಮುತ್ತಿದ್ದರು.

ಬೀದರಿನ ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚುಗಳನ್ನು ಸಾಲಾಗಿ ಜೋಡಿಸಿದ್ದರು. ಅಕ್ಕ, ಹುಡುಗಿಯರು ಔರಾದಿನಿಂದ ಆಗಲೇ ಬಂದಿದ್ದರು. ಹುಡುಗಿಯರು ಹಳದಿ ಚಾರ್ಟಿನ ಮೇಲೆ ಕಪ್ಪು ರಸ್ತೆ ಬರೆದು, ಎರಡೂ ಬದಿಗೆ ಗಿಡ, ಮನೆ, ಒಂದು ಬಾವಿ ಬಿಡಿಸಿ ತಂದಿದ್ದರು. ರಸ್ತೆಯ ಆರಂಭದಲ್ಲಿ ರೋಬೋವನ್ನು ನಿಲ್ಲಿಸಿ, ಅದರ ಕಣ್ಣಿನ ಮೇಲಿನ ಧೂಳನ್ನು ಒರೆಸಿ, ನನಗಾಗಿ ಕಾದಿದ್ದರು.

ಕಂಪ್ಯೂಟರಿಗೆ ಕರೆಂಟು ಕೊಟ್ಟೆ. ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಆಮೇಲೆ ಡಬ್ಬದೊಳಗಿಂದ ಬೀಪ್ ಶುರುವಾಯಿತು, ತಡೆತಡೆದು, ನಿಲ್ಲದೆ. ದಾರಿಯ ಕುಲುಕಾಟಕ್ಕೆ ಒಳಗಿನದು ಯಾವುದೋ ಸಡಿಲಾಗಿದೆ ಎಂದು ತಿಳಿದೆ. ಪಕ್ಕದ ಬೆಂಚಿನವರಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಡಬ್ಬ ಬಿಚ್ಚಿದೆ. ಕೈಗೆ ಸಿಕ್ಕದ್ದನ್ನೆಲ್ಲ ಅದುಮಿದೆ. ಬೀಪ್ ನಿಲ್ಲಲಿಲ್ಲ. ಎಳೆದು ಮತ್ತೆ ಕೂಡಿಸಿದೆ. ಬೀಪ್. ಬೇರೆ ಶಾಲೆಯ ಹುಡುಗರು ಬಂದು ಸುತ್ತ ನಿಂತರು.

"ಇವರ ರೋಬೋ ಒದರ್ತದಲೇ," ಎಂದ ಒಬ್ಬ.

"ಅದು ರೋಬೋ ಅಲ್ಲ," ಎಂದಳು ಗಿಡ್ಡ ಹುಡುಗಿ. "ಇದು ರೋಬೋ. ಅದು ಸುಮ್ಮ ಸಾಮಾನು. ನೀ ಆ ಕಡಿ ನಡಿ."

ನೋಡುತ್ತ ಬರುತ್ತಿದ್ದ ಅಧಿಕಾರಿ ನಮ್ಮ ಬೆಂಚಿಗೆ ಬಂದಾಗ ನನ್ನ ಬೆರಳಿಗೆ ತಗಡು ತಾಗಿ ರಕ್ತ ಬಂದಿತ್ತು. ವಯಸ್ಸಾದವರು, ಸಾವಕಾಶದ ಮನುಷ್ಯ. ಬೀಪ್ ಕೇಳಿ ಪ್ಲಗ್ ತೆಗೆಯಲು ಹೇಳಿದರು. ಕೋಣೆ ಒಮ್ಮೆಲೇ ಶಾಂತವಾಯಿತು. ಹುಡುಗಿಯರ ಚಾರ್ಟನ್ನು ನೋಡಿದರು, ಬಾವಿಯನ್ನು ಮೆಚ್ಚಿದರು. ರೋಬೋವನ್ನು ಎತ್ತಿ ಚಕ್ರವನ್ನು ಬೆರಳಿನಿಂದ ತಿರುಗಿಸಿ ಕೆಳಗಿಟ್ಟರು.

"ಇದು ಎಂದರ ನಡದದೇನ್ರಿ?"

"ನಡದದ್ರಿ ಸಾಹೇಬ್ರ," ಅಕ್ಕ ಥಟ್ಟನೆ ಹೇಳಿದಳು. "ಹೋದ ಶನಿವಾರ ನಮ್ಮ ತಮ್ಮನ ಮನ್ಯಾಗ. ನಾ ಅಲ್ಲೇ ಮಂಚದ ಮ್ಯಾಲ ಕೂತಿದ್ದೆ. ಜಮಖಾನಿಯಿಂದ ಸ್ಟೂಲ್ ತನಕ ಹೋಯ್ತು."

ನಾನು ಅವಳ ಮುಖ ನೋಡಿದೆ. ಅವಳು ಸುಳ್ಳು ಹೇಳುವಾಗ ಎಡಗಿವಿಯ ಓಲೆ ಮುಟ್ಟಿಕೊಳ್ಳುತ್ತಾಳೆ. ಮುಟ್ಟಿಕೊಳ್ಳಲಿಲ್ಲ. ಅವಳಿಗೆ ಅದು ಹಾಗೆಯೇ ನೆನಪಿತ್ತು.

"ಟೀಚರ್, ನೀವು ಸಾಲಿಯವ್ರು, ನಿಮ್ಮ ಮಾತು ನಾ ಹಿಡೀಲಿಕ್ಕ ಬರಲ್ಲ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿದರು. "ನೀವೇನು ಮಾಡ್ತೀರಿ?"

ಹೇಳಿದೆ.

"ಅಂದ್ರ ಕಾಲೇಜಿನವ್ರು, ಹೊರಗಿನವ್ರು. ಛಲೋ ಆಯ್ತು. ಕರೆಂಟು, ಕಂಪ್ಯೂಟರ್ ಇವೆಲ್ಲ ಯಾರ ಕೈಯಾಗಿನ ಮಾತು ಹೇಳ್ರಿ. ನನಗೂ ಗೊತ್ತದ. ನೀವು ಕಣ್ಣಾರೆ ನೋಡೀನಿ ಅಂತ ಒಂದು ಮಾತು ಅನ್ರಿ, ಸಾಕು. ಇವರ ಸಾಮಾನು ಇವರ ಹಂತ್ಯಾಕೇ ಇರ್ಲಿ ಅಂತ ಬರೀತೇನಿ."

ಅವರು ನಮಗೆ ಬಾಗಿಲು ತೆರೆದು ಹಿಡಿದಿದ್ದರು. ನಮ್ಮ ಕಡೆ ಎಷ್ಟೋ ಸಂಬಂಧ, ಎಷ್ಟೋ ಹೊಲದ ವ್ಯಾಜ್ಯ ಹೀಗೆ ಒಬ್ಬ ಓದಿದವನ ಒಂದು ಮಾತಿನ ಮೇಲೆ ಮುಗಿದುಹೋಗುತ್ತದೆ. ಆ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ನಾನು ಹೂಂ ಅನ್ನಬೇಕಿತ್ತು, ಅಷ್ಟೇ. ಹೂಂ ಅನ್ನಬಾರದೆಂದು ನಾನು ತೀರ್ಮಾನಿಸಲಿಲ್ಲ. ಅದು ಸತ್ಯನಿಷ್ಠೆಯೂ ಅಲ್ಲ. ಆ ಗಳಿಗೆಯಲ್ಲಿ ನಾನು ಬಾಯಿ ತೆರೆಯುವ ಮೊದಲು, ರೂಢಿಯಂತೆ, ನೆನಪಿನೊಳಗೆ ಹೋಗಿ ಇನ್ನೊಮ್ಮೆ ನೋಡಲು ಯತ್ನಿಸಿದೆ. ಅಲ್ಲಿ ಕುರ್ಚಿ ಇತ್ತು, ಕಾಲಿಗೆ ತೊಡರಿದ ಕೇಬಲ್ ಇತ್ತು, ಸ್ಟೂಲಿನ ಕಾಲಿನ ಹತ್ತಿರ ರೋಬೋ ಇತ್ತು. ಜಮಖಾನೆಗೂ ಸ್ಟೂಲಿಗೂ ನಡುವೆ ಏನೂ ಇರಲಿಲ್ಲ.

"ಚಕ್ರ ತಿರುಗಿದ್ದು ನೋಡೀನಿ ಅನಸ್ತದ್ರಿ," ಎಂದೆ. "ಆದ್ರ ತಾನಾಗಿ ತಿರುಗ್ತೋ, ಕೇಬಲ್ ಎಳದು ತಿರುಗ್ತೋ... ಇನ್ನೊಮ್ಮೆ ಮಾಡಿ ನೋಡಿದ್ರ ಹೇಳ್ಲಿಕ್ಕ ಬರ್ತದ."

"ತಮ್ಮಾ," ಎಂದಳು ಅಕ್ಕ.

ಅಧಿಕಾರಿ ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಕಾದರು. ನಾನು ಇನ್ನೇನಾದರೂ ಹೇಳುತ್ತೇನೆಂದು ಹುಡುಗಿಯರೂ ಕಾದರು.

"ಅನಸ್ತದ ಅಂತ ಹ್ಯಾಂಗ ಬರೀಲಿ ಸರ," ಎಂದು ಅವರು ಬೇಸರದಿಂದಲೇ ಹೇಳಿ ಮುಂದಿನ ಬೆಂಚಿಗೆ ಹೋದರು.

ಸಾಮಾನು ಅಲ್ಲೇ ಬಿಡಬೇಕಾಯಿತು. ಬೀದರಿನದೇ ಬೇರೊಂದು ಶಾಲೆಯವರು ಅದನ್ನು ಒಯ್ಯಲು ಬಂದರು. ಉದ್ದನೆಯ ಹುಡುಗಿ ರೋಬೋವನ್ನು ದುಪಟ್ಟಾದಲ್ಲಿ ಸುತ್ತಿದಳು. ಆಮೇಲೆ ದುಪಟ್ಟಾ ನಮ್ಮದು ಎಂದು ನೆನಪಾಗಿ ಮತ್ತೆ ಬಿಚ್ಚಿದಳು. ಗಿಡ್ಡವಳು ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದಳು. ಬಸ್‌ಸ್ಟ್ಯಾಂಡಿನಲ್ಲಿ, ಔರಾದಿನ ಬಸ್ಸು ಬಂದು ನಿಂತಾಗ, ನನ್ನ ಹತ್ತಿರ ಬಂದಳು.

"ಸರ್, ಸಾಹೇಬ್ರಿಗೆ ಹೇಳದಿದ್ರ ಹೋಗ್ಲಿ. ನಮಗರ ಹೇಳ್ರಿ. ಅದು ನಡೀತೋ ಇಲ್ಲೋ?"

ಅವರಿಬ್ಬರೂ ಅದು ನಡೆದದ್ದನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ನನಗೆ ಆಗ ಅರಿವಾಯಿತು. ಅವರು ಕಟ್ಟಿದ್ದು ನಡೆಯಿತೆಂದು ಹೇಳಲು ಈ ಲೋಕದಲ್ಲಿ ಇದ್ದವನು ನಾನೊಬ್ಬನೇ, ಹೆಚ್ಚೆಂದರೆ ಅಕ್ಕ. ನಾನು ಏನೋ ಹೇಳಿದೆ. ಕಂಡಕ್ಟರನ ಸೀಟಿ, ಜನರ ನೂಕಾಟ, ಅವಳಿಗೆ ಕೇಳಿಸಿತೋ ಇಲ್ಲವೋ. ಏನು ಹೇಳಿದೆನೆಂದು ನನಗೂ ಈಗ ನೆನಪಿಲ್ಲ.

ಭಾಲ್ಕಿಯಲ್ಲಿ ಅಂಗಡಿಯವನು ಕಂಪ್ಯೂಟರ್ ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿಯನ್ನು ತೆಗೆದು ಒರೆಸಿ ಹಾಕಿದ. ನಾನೂ ಅದನ್ನೇ ಎಳೆದು ಮತ್ತೆ ಕೂಡಿಸಿದ್ದೆ. ಅವನ ಕೈಗೆ ಬೀಪ್ ನಿಂತಿತು. ಮನೆಗೆ ತಂದು ಪ್ರೋಗ್ರಾಮ್ ನಡೆಸಿದೆ. ಎಲ್ಲ ಸಾಲುಗಳೂ ಸರಾಗವಾಗಿ ಇಳಿದವು, ಕೊನೆಯಲ್ಲಿ ಮಾತ್ರ ಸಾಧನ ಸಿಗಲಿಲ್ಲ ಎಂದು ಬಂತು. ರೋಬೋವೇ ಇಲ್ಲದಾಗ ಅದು ಸರಿಯಾದ ಉತ್ತರವೇ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಕೆಲವು ವಾರಗಳ ನಂತರ ಬೀದರಿನ ಚಿದ್ರಿಯಲ್ಲಿ ಒಂದು ಮದುವೆಯ ಊಟ ಮುಗಿಸಿ, ಸಾಮಾನು ಒಯ್ದ ಶಾಲೆಯನ್ನು ಹುಡುಕಿಕೊಂಡು ಹೋದೆ. ಒಮ್ಮೆ ನನ್ನ ಕಂಪ್ಯೂಟರಿಗೆ ಜೋಡಿಸಿ ನೋಡಲು ಕೊಡುತ್ತೀರಾ ಎಂದು ಕೇಳಲು. ಅಲ್ಲಿನ ಮಾಸ್ತರರು ಸಂಭಾವಿತರು, ಚಹಾ ತರಿಸಿದರು. ರೋಬೋವನ್ನು ಬಿಚ್ಚಿಟ್ಟಿದ್ದೇವೆ, ಮೊದಲಿನವರು ಒಂದು ಸ್ಕ್ರೂ ಬಿಟ್ಟಿದ್ದರು, ನಮ್ಮ ಹುಡುಗರು ಹೊಸದಾಗಿ ಕಟ್ಟುತ್ತಾರೆ ಎಂದರು. ಬಿಡಿಭಾಗಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಹಲಗೆಯ ಮೇಲಿನ ಕಣ್ಣನ್ನು ಯಾರೋ ಥಿನ್ನರ್ ಹಾಕಿ ಒರೆಸಿದ್ದರು. ಇನ್ನು ಇನ್ನೊಮ್ಮೆ ಎಂಬುದೇ ಇಲ್ಲ ಎಂದು ತಿಳಿದು, ಚಹಾ ಕುಡಿದು ಬಂದೆ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಅವಳು ಅವತ್ತಿನಿಂದಲೂ ಸಿಟ್ಟಾಗಿಲ್ಲ, ಅದೇ ನನಗೆ ಹೆಚ್ಚು ಕಷ್ಟ.

"ಪೋರಿಗೋಳಿಗೆ ಹೇಳಬ್ಯಾಡ," ಎಂದಳು. "ನಾ ಅವರಿಗೆ ಹೇಳೀನಿ, ನಡದದ ಅಂತ. ಸರ್ ಕಣ್ಣಾರೆ ನೋಡ್ಯಾರ, ಅವತ್ತು ಮಂದಿ ಮುಂದ ಅಂಜಿದ್ರು ಅಂತ."

"ನಾ ಅಂಜಿದ್ದಿಲ್ಲ ಅಕ್ಕ."

"ಮತ್ತ ಏನಾಗಿತ್ತು ನಿನಗ?"

ಆಮೇಲೆ ಅವಳೇ ಮಾತು ಹೊರಳಿಸಿ, ಮೆಣಸಿನಕಾಯಿ ಒಣಗಿಸಿದ್ದಾಳೆಂದೂ, ಮುಂದಿನ ಸಲ ಬರುವಾಗ ತರುತ್ತಾಳೆಂದೂ ಹೇಳಿ ಫೋನಿಟ್ಟಳು.

ಹುಡುಗಿಯರು ಈಗ ಪಿ.ಯು.ಸಿ.ಗೆ ಹೋಗುತ್ತಿದ್ದಾರೆ. ಇಬ್ಬರೂ ವಿಜ್ಞಾನ ತೆಗೆದುಕೊಂಡಿದ್ದಾರಂತೆ. ತಾವು ಕಟ್ಟಿದ ರೋಬೋ ಭಾಲ್ಕಿಯಲ್ಲಿ ಒಬ್ಬ ಸರ್ ಮನೆಯಲ್ಲಿ ಸ್ಟೂಲಿನ ತನಕ ನಡೆದಿತ್ತು ಎಂದು ಅವರು ಹೊಸ ಗೆಳತಿಯರಿಗೆ ಹೇಳುತ್ತಾರಂತೆ. ಅದನ್ನು ಹೌದೆನ್ನಲು, ಅಲ್ಲವೆನ್ನಲು ನನ್ನಿಂದ ಆಗುವುದಿಲ್ಲ. ಇತ್ತೀಚೆಗೆ ಆ ಮಧ್ಯಾಹ್ನ ನೆನಪಾದರೆ ಅಕ್ಕ ಮಂಚದ ಮೇಲೆ ಕೂತಿರುತ್ತಾಳೆ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲಿ ಬಂದ ಅಕ್ಕನನ್ನು ಎಷ್ಟು ಕರೆದರೂ ಅವಳು ನೆನಪಿಗೆ ಬರುವುದಿಲ್ಲ. ಜಮಖಾನೆಗೂ ಸ್ಟೂಲಿಗೂ ನಡುವಿನ ನೆಲದ ಮೇಲೆ ಏನೋ ಸರಿದಂತೆಯೂ ಕಾಣುತ್ತದೆ.